ಎತ್ತಬೇಡಿ ಅಂದಿದ್ದಳು

ತಳ ಕಾಣದ ನೀರು ಅಂದರೆ ಅವನಿಗೆ ಮೊದಲಿನಿಂದಲೂ ಆಗದು. ಮೊಣಕಾಲು ದಾಟುವಷ್ಟು ಆಳಕ್ಕೆ ಅವನು ಜನ್ಮದಲ್ಲಿ ಇಳಿದವನಲ್ಲ. ಅಂಥವನು ಆವತ್ತು ಬೆಳಗ್ಗೆ ಮಂಜಿನಂಥ ತಣ್ಣೀರಿನ ದೊಡ್ಡ ಸರೋವರದ ನಟ್ಟನಡುವೆ, ಸಣ್ಣದೊಂದು ಮೋಟಾರು ದೋಣಿಯಲ್ಲಿ, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು ಕೂತಿದ್ದ. ಕೈಗೆ ಎಟುಕದಷ್ಟು, ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವನ ಹೆಂಡತಿ ಈಜುತ್ತಿದ್ದಳು.

"ಸ್ವಾಮಿ, ದೋಣಿ ಮುಳುಗೋದಿದ್ರೆ ನಾನೇ ಮೊದಲು ಹೇಳ್ತೀನಿ. ಅಲ್ಲೀತನಕ ಆ ಅಂಚು ಬಿಡಿ, ಪಾಪ, ಅದಕ್ಕೂ ನೋಯುತ್ತೆ," ಅಂದ ದೋಣಿಯವನು.

ಈಜು ಸಂಘಕ್ಕೆ ದೋಣಿ ನಡೆಸಿ ನಡೆಸಿ ಮುಖ ತೊಗಲಿನ ಹಾಗೆ ಒರಟಾಗಿದ್ದ ಆ ಮನುಷ್ಯನ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಇವನು ನಗಲು ನೋಡಿದ, ಆಗಲಿಲ್ಲ. ಕಣ್ಣು ಮಾತ್ರ ನೀರಿನ ಮೇಲೆ ಏಳುತ್ತ ಬೀಳುತ್ತ ಸಾಗುವ ಆ ಕೆಂಪು ಟೋಪಿಯನ್ನು ಬಿಟ್ಟು ಅತ್ತಿತ್ತ ಸರಿಯಲಿಲ್ಲ.

ಅವನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷಿಸುವ ಒಂದು ಕುರ್ಚಿ, ಗೋಡೆಯ ಮೇಲೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ, ಗಾಜು ಉಜ್ಜುವ ಒಂದು ಯಂತ್ರ. ಒಂದು ಸ್ಕ್ರೂ ಕೆಳಗೆ ಬಿದ್ದರೂ ಮಂಡಿಯೂರಿ ಹುಡುಕಿ ತೆಗೆಯುವ ನಿಧಾನಸ್ಥ. ಅವಳು ಸಿಟಿ ಬಸ್ಸಿನ ಡ್ರೈವರು. ಭುಜ ಅಗಲ, ಗಂಟಲು ದೊಡ್ಡದು, ಹಿಡಿದ ಹಟ ಬಿಡುವ ಜಾಯಮಾನದವಳಲ್ಲ. ಮನೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು ಅನ್ನುವುದರಿಂದ ಹಿಡಿದು ರಜೆಯಲ್ಲಿ ಎಲ್ಲಿಗೆ ಹೋಗಬೇಕು ಅನ್ನುವವರೆಗೆ ಅವಳದೇ ತೀರ್ಮಾನ. ಸಲುಗೆ ಹೆಚ್ಚಾದಾಗ ಅವನು "ಡ್ರೈವರ್ ಸಾಹೇಬರೇ" ಅನ್ನುತ್ತಿದ್ದ. ಅವಳು "ಹೇಳ್ರಿ ಪ್ಯಾಸೆಂಜರ್" ಅನ್ನುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಏನೂ ಬೇಜಾರಿರಲಿಲ್ಲ.

ಹಿಂದಿನ ವರ್ಷವೂ ಅವಳು ಇದೇ ಸರೋವರ ದಾಟಲು ಹೊರಟಿದ್ದಳು. ಆಗ ದೋಣಿಯಲ್ಲಿ ಕೂತಿದ್ದು ಅವಳ ತಂಗಿ. ಅರ್ಧ ದಾರಿ ಕಳೆದ ಮೇಲೆ ಇದ್ದಕ್ಕಿದ್ದಂತೆ ನೀರಲ್ಲಿದ್ದ ಇವಳಿಗೆ ಅಳು ಬಂದುಬಿಟ್ಟಿತಂತೆ. "ನನ್ನ ಕೈಲಿ ಆಗಲ್ಲ ಕಣೇ, ಎತ್ತೇ" ಅಂದಳಂತೆ. ತಂಗಿ ಹಿಂದೆಮುಂದೆ ನೋಡದೆ ಕೈ ಚಾಚಿ ಎತ್ತಿಕೊಂಡಳು. ದಡಕ್ಕೆ ಬಂದ ಮೇಲೆ ಡಾಕ್ಟರು ನೋಡಿದರೆ ಮೈಯ ಬಿಸಿ ಸರಿಯಾಗಿದೆ, ನಾಡಿ ಸರಿಯಾಗಿದೆ, ಇನ್ನೂ ಅಷ್ಟೇ ದೂರ ಈಜುವ ಶಕ್ತಿ ತೋಳಿನಲ್ಲಿ ಉಳಿದಿದೆ. ಕೈಕೊಟ್ಟಿದ್ದು ಮನಸ್ಸು. ಆ ಅವಮಾನ ಅವಳನ್ನು ಒಳಗೊಳಗೇ ಕೊರೆಯಿತು. ತಂಗಿಯ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಳು.

ಅವಳಿಗೆ ಈಜು ಕಲಿಸುವವರನ್ನು ಎಲ್ಲರೂ ಕೋಚಮ್ಮ ಅನ್ನುತ್ತಿದ್ದರು. ವಯಸ್ಸಿನಲ್ಲಿದ್ದಾಗ ಇದೇ ಸರೋವರ ದಾಟಿದ ಹೆಂಗಸು. ಈಗ ಮಂಡಿನೋವು, ಕೊಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರನ್ನೂ ಬೈಯುವುದೇ ಕೆಲಸ. "ನಿನ್ನ ಮೈ ತಯಾರಾಗಿದೆ. ಇನ್ನು ತಲೆಗೆ ಪಾಠ ಆಗಬೇಕು," ಅಂದರು ಅವರು.

ಇಡೀ ವರ್ಷ ತಲೆಯ ಪಾಠ ನಡೆಯಿತು. ಮಂಜುಗಡ್ಡೆ ಸುರಿದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು ಅವಳು ಕಣ್ಣು ಮುಚ್ಚುತ್ತಿದ್ದಳು. ಮನಸ್ಸಿನಲ್ಲೇ ತನ್ನ ಬಸ್ಸು ಹತ್ತಿ, ಡಿಪೋದಿಂದ ಹೊರಟು, ಒಂದೊಂದೇ ಸ್ಟಾಪಿನಲ್ಲಿ ನಿಲ್ಲಿಸುತ್ತ, ಜನ ಹತ್ತಿಸಿ ಇಳಿಸುತ್ತ ಹೋಗುತ್ತಿದ್ದಳು. ಹಾಗೆ ಹೋದಾಗ ಚಳಿ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು. ಸ್ನಾನದ ಮನೆಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತ ಅವನಿಗೆ ಮಾತ್ರ ಆ ಮುಚ್ಚಿದ ಕಣ್ಣು, ನೀಲಿಗಟ್ಟಿದ ತುಟಿ, ಆ ನೆಮ್ಮದಿ ನೋಡಿದರೆ ಕರೆಯದೆ ಇರಲಾಗುತ್ತಿರಲಿಲ್ಲ. ಹೆಸರು ಹಿಡಿದು ಕರೆದರೂ ಒಂದೊಂದು ಸಲ ಅವಳು ತಕ್ಷಣ ಕಣ್ಣು ಬಿಡುತ್ತಿರಲಿಲ್ಲ.

"ತಲೇನ ಬೇರೆ ಕಡೆ ಕಳಿಸೋದು ಕಲಿತೆ, ಸರಿ," ಅಂದಿದ್ದರು ಕೋಚಮ್ಮ. "ವಾಪಸ್ ಕರೆಸಿಕೊಳ್ಳೋದನ್ನೂ ಕಲಿ. ಮೈ ಏನು ಹೇಳುತ್ತೆ ಅಂತ ನಡುನಡುವೆ ಬಂದು ಕೇಳಿ ಹೋಗು." ಅವಳು ಹೂಂಗುಟ್ಟಿದ್ದಳು. ಮಾತು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಂದಿತ್ತು.

ಈ ಸಲ ದೋಣಿಯಲ್ಲಿ ನೀವೇ ಕೂರಬೇಕು ಅಂತ ಅವಳು ಹೇಳಿದಾಗ ಅವನ ಜೀವ ಬಾಯಿಗೆ ಬಂದಿತ್ತು.

"ನಾನಾ? ನನಗೆ ಈಜು ಬರಲ್ಲ!"

"ಈಜೋದು ನಾನು. ನೀವು ಕೂತ್ಕೊಂಡಿರಿ, ಹೊತ್ತಿಗೆ ಸರಿಯಾಗಿ ಬಿಸಿ ಸಕ್ಕರೆ ನೀರಿನ ಬಾಟ್ಲಿ ದಾರಕ್ಕೆ ಕಟ್ಟಿ ಎಸೀರಿ. ಅಷ್ಟೇ. ಯಾಕೆ ನೀವೇ ಅಂದ್ರೆ, ನಾನು ಹೇಳಿದ್ದನ್ನ ಮೀರೋರಲ್ಲ ನೀವು."

ಅದು ಹೊಗಳಿಕೆಯೋ ತೆಗಳಿಕೆಯೋ ಅವನಿಗೆ ತಿಳಿಯಲಿಲ್ಲ. ಅವಳು ಅವನ ಕೈ ಹಿಡಿದುಕೊಂಡು ಮಾತು ಕೊಡಿ ಅಂದಳು: "ನಾನು ಅತ್ತರೂ ಎತ್ತಬೇಡಿ. ಕಾಲಿಗೆ ಬಿದ್ದು ಬೇಡಿಕೊಂಡರೂ ಎತ್ತಬೇಡಿ. ಯಾರ ಕೈ ತಾಗಿದರೂ ಈಜು ಅಲ್ಲಿಗೆ ಮುಗಿದ ಹಾಗೆ. ಆಮೇಲೆ ನಾನು ನಿಮ್ಮನ್ನ ಜನ್ಮದಲ್ಲಿ ಕ್ಷಮಿಸಲ್ಲ." ಅವನು ಮಾತು ಕೊಟ್ಟ. ಕೊಡದೆ ಇರುವುದು ಹೇಗೆ ಅಂತ ಅವನಿಗೆ ಗೊತ್ತಿದ್ದರೆ ತಾನೆ.

ಹೊರಡುವ ಮುಂಚೆ ಕೋಚಮ್ಮ ಅವನನ್ನು ಪಕ್ಕಕ್ಕೆ ಕರೆದರು. ಅವರು ಆಚೆ ದಡದಲ್ಲಿ ಕಂಬಳಿ ಹಿಡಿದು ಕಾಯುವವರಿದ್ದರು. "ನಡುಗಿದರೆ ಹೆದರಬೇಡಿ. ನಡುಗೋದು ಒಳ್ಳೇದು, ಮೈ ಹೋರಾಡ್ತಾ ಇದೆ ಅಂತ. ನಡುಕ ನಿಂತರೆ ಹೆದರಿ," ಅಂದರು. ಆ ಮಾತು ಕೇಳಿದಾಗಿನಿಂದ ಅವನು ಹೆದರುತ್ತಲೇ ಇದ್ದ.

ಅರ್ಧ ದಾರಿ ಕಳೆಯಿತು. ಹೋದ ವರ್ಷ ಅಳು ಬಂದ ಜಾಗ ಇದೇ ಇರಬೇಕು ಅಂತ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಅವಳು ಅಳಲಿಲ್ಲ. ಬಾಟ್ಲಿ ಎಸೆದಾಗ ಬೆನ್ನ ಮೇಲೆ ತೇಲುತ್ತ ಗಟಗಟ ಕುಡಿದು, "ಸಕ್ಕರೆಗೆ ಬರಗಾಲವಾ?" ಅಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ಅವನಿಗೆ ಆ ಸದ್ದು ಕೇಳಿ ಅರ್ಧ ಜೀವ ವಾಪಸ್ಸು ಬಂತು.

"ಗಟ್ಟಿಗಿತ್ತಿ!" ಅಂದ ದೋಣಿಯವನು. "ನಾನು ಎಷ್ಟೋ ಜನರನ್ನ ನೋಡಿದೀನಿ. ಇವರು ದಾಟ್ತಾರೆ, ಬರೆದಿಟ್ಕೊಳ್ಳಿ."

ಅಷ್ಟರಲ್ಲಿ ಮೋಡ ಕವಿದು ಬಿಸಿಲು ಹೋಯಿತು. ಗಾಳಿ ಎದ್ದಿತು. ನೀರಿನ ಬಣ್ಣ ಹಸಿರು ಇದ್ದದ್ದು ಕಲ್ಲಿನ ಬಣ್ಣಕ್ಕೆ ತಿರುಗಿತು. ಅವನು ಬೆರಳು ಅದ್ದಿ ನೋಡಿದ; ಬೆರಳಿನ ಮೂಳೆ ನೋಯುವಷ್ಟು ತಣ್ಣಗಿತ್ತು. ಇದರೊಳಗೆ ಅವಳು ಬೆಳಗಿನಿಂದ ಇದ್ದಾಳೆ. ಇನ್ನೂ ಇರಬೇಕು.

ಮುಂದಿನ ಬಾಟ್ಲಿ ಎಸೆದಾಗ ಅವಳು ಅದನ್ನು ಹಿಡಿಯಲು ಎರಡು ಸಲ ಕೈ ಹಾಕಿದಳು, ಎರಡೂ ಸಲ ತಪ್ಪಿತು. ಮೂರನೆಯ ಸಲ ಅಂಗೈಗಳ ನಡುವೆ ಅಮುಕಿ ಹಿಡಿದಳು, ಬೆರಳು ಮಡಚಲು ಬಾರದವಳ ಹಾಗೆ. ಹಲ್ಲು ಕಟಕಟ ಅನ್ನುತ್ತಿರಲಿಲ್ಲ.

"ಹೇಗಿದೀಯಾ?" ಅಂತ ಕೂಗಿದ.

ಅವಳು ನಕ್ಕಳು. ಬಹಳ ಸೊಗಸಾಗಿ, ಮದುವೆಯ ಫೋಟೋದಲ್ಲಿ ನಕ್ಕ ಹಾಗೆ ನಕ್ಕಳು. "ಇಳಿಯೋರು ಇಳೀರಿ," ಅಂದಳು. "ಬಾಗಿಲಲ್ಲಿ ನಿಲ್ಲಬೇಡಿ."

ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ರಾ, ಇಷ್ಟು ಹೊತ್ತಾದರೂ ತಮಾಷೆ ಬಿಟ್ಟಿಲ್ಲ!" ಇವನೂ ಒಂದು ಕ್ಷಣ ನಕ್ಕ. ಆದರೆ ಅವಳ ನಗು ಮುಖದಿಂದ ಹೋಗಲಿಲ್ಲ. ಹಚ್ಚಿಟ್ಟು ಆರಿಸಲು ಮರೆತ ದೀಪದ ಹಾಗೆ ಅದು ಅಲ್ಲೇ ಉಳಿದಿತ್ತು. ಬಾಟ್ಲಿಯನ್ನು ಕುಡಿಯದೆ ಕೈಬಿಟ್ಟು ಅವಳು ಮತ್ತೆ ಈಜತೊಡಗಿದಳು.

ಕಣ್ಣಿನ ಕೆಲಸ ಮಾಡಿ ರೂಢಿಯಿದ್ದವನು, ಈಗ ಕಣ್ಣು ಕಂಡದ್ದನ್ನೆಲ್ಲ ಬೇಡವೆಂದರೂ ನೋಡಿದ. ನೀರು ಎಳೆಯುವ ಅಂಗೈಯಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಚಾಚಿಕೊಂಡಿದ್ದವು. ಎಡಗೈ ಅರ್ಧಕ್ಕೇ ಬೀಳುತ್ತಿತ್ತು. ಅವಳು ದೋಣಿಯ ಸಾಲು ಬಿಟ್ಟು ನಿಧಾನವಾಗಿ ಬಲಕ್ಕೆ ಸರಿಯುತ್ತಿದ್ದಳು. ಅಲ್ಲಿ ದಡವಿಲ್ಲ, ಬರೀ ನೀರು.

ಫೋನು ತೆಗೆದ. ಎರಡು ಸಲ ತಪ್ಪು ಒತ್ತಿದ. ಕೋಚಮ್ಮನ ದನಿ ಗಾಳಿಯಲ್ಲಿ ಹರಿದು ಹರಿದು ಬಂತು.

"ನಗ್ತಾ ಇದಾಳೆ," ಅಂದ. "ಬಸ್ಸಿನ ಮಾತಾಡ್ತಾಳೆ. ಎತ್ತಲಾ?"

"ನಡುಕ ಇದೆಯಾ?"

"ಕಾಣ್ತಿಲ್ಲ. ದೂರ ಇದಾಳೆ. ಗೊತ್ತಾಗ್ತಿಲ್ಲ. ನೀವು ಹೇಳಿ, ಎತ್ತಲಾ?"

"ನಾನು ನೋಡ್ತಿಲ್ಲವಲ್ಲಪ್ಪ. ನೋಡ್ತಿರೋರು ನೀವು. ಅವಳನ್ನ ಒಂದು ಪ್ರಶ್ನೆ ಕೇಳಿ, ಉತ್ತರ..." ಅಲ್ಲಿಗೆ ಮಾತು ಕಡಿಯಿತು. ಮತ್ತೆ ಒತ್ತಿದರೆ ಸಿಗ್ನಲ್ ಇಲ್ಲ.

ಅವನು ಎದ್ದು ನಿಂತ. ದೋಣಿ ತೂಗಿತು. ಬೆಳಗಿನಿಂದ ಒಮ್ಮೆಯೂ ನಿಲ್ಲದ ತಾನು ಈಗ ನಿಂತಿದ್ದೇನೆ ಅನ್ನುವುದೂ ಅವನಿಗೆ ತಿಳಿಯಲಿಲ್ಲ. ದೋಣಿ ಅವಳ ಪಕ್ಕಕ್ಕೆ ಬಂದಾಗ ಗಂಟಲು ಹರಿಯುವ ಹಾಗೆ ಕೂಗಿದ:

"ನಿನ್ನ ತಂಗಿ ಎಲ್ಲಿದಾಳೆ? ಹೇಳು! ತಂಗಿ ಎಲ್ಲಿ?"

ಅವಳು ತಲೆ ಎತ್ತಿದಳು. ಕಪ್ಪು ಗಾಗಲ್ಸಿನ ಹಿಂದೆ ಕಣ್ಣು ಕಾಣಲಿಲ್ಲ. ತುಟಿ ಸೀಸದ ಬಣ್ಣಕ್ಕೆ ಬಂದಿತ್ತು. "ಹಿಂದಿನ ಸೀಟಲ್ಲಿ," ಅಂದಳು, ನಾಲಿಗೆ ದಪ್ಪವಾದವಳ ಹಾಗೆ. "ನಿದ್ದೆ ಮಾಡ್ತಿದಾಳೆ. ಎಬ್ಬಿಸಬೇಡಿ."

ಈಗ ದೋಣಿಯವನು ನಗಲಿಲ್ಲ. ಆದರೂ ತಲೆ ಕೆರೆದುಕೊಂಡು ಅಂದ, "ದಡ ಕಾಣಿಸ್ತಿದೆಯಲ್ಲ ಸ್ವಾಮಿ. ಅಗೋ, ಜನ ಕಾಣ್ತಾರೆ. ಇನ್ನೊಂದು ಸ್ವಲ್ಪ ಹೊತ್ತು... ಇಷ್ಟು ಬಂದು ಈಗ ಮುಟ್ಟಿದ್ರೆ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗೆ. ಅವರು ನಿಮ್ಮನ್ನ ಸುಮ್ಮನೆ ಬಿಡ್ತಾರಾ?"

ಬಿಡುವುದಿಲ್ಲ. ಅದು ಅವನಿಗೆ ಗೊತ್ತು. ಅವಳು ಅತ್ತರೆ ಎತ್ತಬೇಡಿ ಅಂದಿದ್ದಳು. ಬೇಡಿಕೊಂಡರೆ ಎತ್ತಬೇಡಿ ಅಂದಿದ್ದಳು. ನಗುತ್ತ ನಗುತ್ತ ಹೋಗುತ್ತಿದ್ದರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ಎತ್ತಿದ ಮೇಲೆ ಹೋದ ವರ್ಷದ ಹಾಗೆ ಮೈ ಬೆಚ್ಚಗಿದೆ, ನಾಡಿ ಸರಿಯಾಗಿದೆ ಅಂತಾದರೆ? ಎತ್ತದೆ ಇದ್ದು, ಈ ಕೆಂಪು ಟೋಪಿ ಒಮ್ಮೆ ಮುಳುಗಿ ಮೇಲೆ ಬರದೆ ಹೋದರೆ? ಎರಡು ಹೆದರಿಕೆಗಳ ನಡುವೆ ಅವನು ಅಲ್ಲಾಡದೆ ನಿಂತ.

ಅಷ್ಟರಲ್ಲಿ ಅವಳ ಮುಖ ನೀರಿಗೆ ಹೋಯಿತು. ಉಸಿರಿಗೆ ಮೇಲೆ ಬರಬೇಕಾದ ಹೊತ್ತಿಗೆ ಬರಲಿಲ್ಲ. ಕೈಗಳು ಮಾತ್ರ ಯಾರದೋ ಕೈಗಳ ಹಾಗೆ ತಿರುಗುತ್ತಿದ್ದವು. ಆಮೇಲೆ ಮುಖ ಬಂತು, ಕೆಮ್ಮಿತು, ನಕ್ಕಿತು.

"ಏಣಿ ಬಿಡ್ರೀ!" ಅಂತ ಅವನು ಅರಚಿದ. ಅಂಥ ದನಿ ತನ್ನಲ್ಲಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ದೋಣಿಯವನು ಮರುಮಾತಿಲ್ಲದೆ ಮೋಟಾರು ನಿಲ್ಲಿಸಿ ಕಬ್ಬಿಣದ ಏಣಿ ಇಳಿಬಿಟ್ಟ.

ಒಂದು ಕೈಯಲ್ಲಿ ಏಣಿ ಹಿಡಿದು ಅವನು ಇಳಿದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂದಾಗ ಉಸಿರು ಗಕ್ಕನೆ ನಿಂತಿತು. ಕಾಲಡಿ ಏನೂ ಇರಲಿಲ್ಲ. ಆ ಇಲ್ಲದಿರುವುದು ಅವನನ್ನು ಕಾಲು ಹಿಡಿದು ಕೆಳಗೆ ಜಗ್ಗಿದ ಹಾಗಾಯಿತು. ಕಣ್ಣು ಮುಚ್ಚಿದರೆ ಕೆಟ್ಟೆ ಅಂದುಕೊಂಡು ಬಿಟ್ಟೇ ಇದ್ದ. ಅವಳು ಹತ್ತಿರ ಬಂದಾಗ ತೋಳಿಗೆ ಕೈ ಹಾಕಿದ. ಚಳಿ ತಡೆಯಲಿ ಅಂತ ಮೈಗೆಲ್ಲ ಗ್ರೀಸು ಬಳಿದುಕೊಂಡಿದ್ದಳು. ತೋಳು ಸೋಪಿನ ಹಾಗೆ ಜಾರಿತು.

ಅವಳ ನಗು ಆಗ ಹೋಯಿತು. "ಮುಟ್ಟಬೇಡ!" ಅಂತ ಕಿರುಚಿದಳು. ಗಂಡನನ್ನು ಅಲ್ಲ, ಬಸ್ಸಿನಲ್ಲಿ ಮೈಮೇಲೆ ಬಿದ್ದ ಯಾವನನ್ನೋ ಬೈಯುವ ದನಿ. ಅವನ ಎದೆಗೆ ಒದ್ದು, ತಿರುಗಿ, ಬಂದ ದಾರಿಯ ಕಡೆಗೇ ಈಜತೊಡಗಿದಳು. ಅವನು ಏಣಿಯ ಕೊನೆಯ ಮೆಟ್ಟಿಲಿಗೆ ಕಾಲು ಸಿಕ್ಕಿಸಿ, ದೇಹವನ್ನೆಲ್ಲ ನೀರಿಗೆ ಚಾಚಿ, ಬಾಯಿಗೆ ಮೂಗಿಗೆ ನೀರು ನುಗ್ಗುತ್ತಿದ್ದರೂ ಅವಳ ಈಜುಡುಪಿನ ಬೆನ್ನಪಟ್ಟಿಗೆ ಬೆರಳು ಸಿಕ್ಕಿಸಿದ. ಎಳೆದ. ಅವಳು ಹೊಡೆದಳು, ಪರಚಿದಳು. ಬಿಡಲಿಲ್ಲ. ದೋಣಿಯವನು ಮೇಲಿನಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಾಕಿದ. ಮೀನು ಬಿದ್ದ ಹಾಗೆ ಧೊಪ್ಪನೆ ಬಿದ್ದಳು.

ಅಲ್ಲಿಂದ ದಡದವರೆಗಿನ ದಾರಿ ಅವನಿಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮೈ ಉಜ್ಜಬಾರದು ಅಂತ ಕೋಚಮ್ಮ ಹೇಳಿದ್ದರು. ಒದ್ದೆ ಬಟ್ಟೆ ಕತ್ತರಿಸಿ, ಒಣ ಕಂಬಳಿ ಸುತ್ತಿ, ಮಲಗಿಸಿ, ತಾನೂ ಜಾಕೆಟ್ಟು, ಒದ್ದೆ ಅಂಗಿ ಕಿತ್ತುಹಾಕಿ ಕಂಬಳಿಯೊಳಗೆ ಹೊಕ್ಕು ಅಪ್ಪಿಕೊಂಡ. ಹಸಿ ಗೋಡೆಯನ್ನು ಅಪ್ಪಿದ ಹಾಗಿತ್ತು. ಮೊದಲು "ನಿಲ್ಲಿಸಿ, ನಾನು ಇಳೀಬೇಕು" ಅಂತ ಗೊಣಗಿದಳು. ಆಮೇಲೆ ಗೊಣಗುವುದೂ ನಿಂತಿತು. ಕಣ್ಣು ಅರ್ಧ ತೆರೆದಿತ್ತು, ಅದರಲ್ಲಿ ನೋಟವಿರಲಿಲ್ಲ. ಅವನು ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಮಾತಾಡಿದ. ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸಬೇಕು ಅಂದ. ಅಡಿಗೆಮನೆಯ ಬಲ್ಬು ಹೋಗಿದೆ ಅಂದ. ಅಂಗಡಿಗೆ ಬಂದ ಅಜ್ಜಿಯೊಬ್ಬಳು ಗಂಡನ ಕನ್ನಡಕ ಹಾಕಿಕೊಂಡು, ಇದರಲ್ಲಿ ನೋಡಿದರೆ ಅವನೂ ಚೆನ್ನಾಗಿ ಕಾಣ್ತಾನೆ ಅಂದಳು ಅಂದ. ದೋಣಿಯವನು ಒಂದು ಮಾತೂ ಆಡದೆ ಮೋಟಾರನ್ನು ಕಿತ್ತುಹೋಗುವ ಹಾಗೆ ಓಡಿಸಿದ.

ಆಸ್ಪತ್ರೆಯಲ್ಲಿ ಬಿಸಿಗಾಳಿ ತುಂಬಿದ ಹೊದಿಕೆ ಹಾಕಿದರು, ನರಕ್ಕೆ ಬೆಚ್ಚಗೆ ಮಾಡಿದ ಸಲೈನು ಹತ್ತಿಸಿದರು. ಡಾಕ್ಟರು ಮೀಟರು ನೋಡಿ ಹುಬ್ಬು ಗಂಟಿಕ್ಕಿದರು, ಅವನ ಕಡೆ ನೋಡಲಿಲ್ಲ. ಅವನು ಒದ್ದೆ ಪ್ಯಾಂಟಿನಲ್ಲೇ, ಮೈಮೇಲೊಂದು ಕಂಬಳಿ ಹೊದ್ದು, ಗೋಡೆಗೆ ಒರಗಿ ನಿಂತಿದ್ದ. ಕೋಚಮ್ಮ ಕುಂಟುತ್ತ ಬಂದು ಪಕ್ಕದ ಬೆಂಚಿನಲ್ಲಿ ಕೂತು ತಲೆ ತಗ್ಗಿಸಿದರು. ಬಹಳ ಹೊತ್ತಾದ ಮೇಲೆ ಮಂಚ ಸಣ್ಣಗೆ ಕಿರುಗುಟ್ಟಿತು. ಅವಳ ಗಲ್ಲ ಅದುರಿತು. ಹಲ್ಲಿಗೆ ಹಲ್ಲು ತಾಗಿತು. ನೋಡನೋಡುತ್ತ ಇಡೀ ಮೈ ಗಡಗಡ ನಡುಗಿ ಮಂಚವನ್ನೇ ಅಲುಗಿಸತೊಡಗಿತು. ನರ್ಸು "ಹಾಂ, ಬಂತು" ಅಂದಳು. ಅವನು ಗೋಡೆಯ ಕಡೆ ತಿರುಗಿ ಮಗುವಿನ ಹಾಗೆ ಅತ್ತುಬಿಟ್ಟ.

ಮನೆಗೆ ಬಂದ ಮೇಲೆ ಅವಳು ಅವನ ಜೊತೆ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು. ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಒಂದು ದಿನ ಮಾತ್ರ ಅಂದಳು: "ನಾನು ಚೆನ್ನಾಗಿದ್ದೆ. ಹೋದ ವರ್ಷಕ್ಕಿಂತ ಎಷ್ಟೋ ಚೆನ್ನಾಗಿದ್ದೆ. ಚಳಿನೇ ಇರಲಿಲ್ಲ. ನೀವು ಹೆದರಿದ್ರಿ, ಅಷ್ಟೇ. ನಿಮ್ಮ ಹೆದರಿಕೆಗೆ ನನ್ನ ಒಂದು ವರ್ಷ ಹೋಯ್ತು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳಿಗೆ ನಿಜವಾಗಿಯೂ ಚೆನ್ನಾಗಿತ್ತು. ಇನ್ನೊಂದು ಸಲ ಇಳಿದರೂ ಹೀಗೇ ಚೆನ್ನಾಗಿರುತ್ತ ಚೆನ್ನಾಗಿರುತ್ತ ಹೋಗಿಬಿಡುತ್ತಾಳಲ್ಲ ಅನ್ನುವ ಯೋಚನೆಗೆ ಅಂಗಡಿಯಲ್ಲಿ ಅವನ ಕೈಜಾರಿ ಗಾಜುಗಳು ಒಡೆಯತೊಡಗಿದವು.

ಕೆಲಸಕ್ಕೆ ಮರಳಿದ ಕೆಲವು ದಿನಕ್ಕೆ, ಮಧ್ಯಾಹ್ನ, ಅವಳು ಸಮವಸ್ತ್ರದಲ್ಲೇ ಅಂಗಡಿಗೆ ಬಂದಳು. ಗಿರಾಕಿಗಳಿರಲಿಲ್ಲ. ಬಂದವಳೇ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಮುಖ ಬಿಳಚಿಕೊಂಡಿತ್ತು. ಅವನು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟ.

"ಇವತ್ತು ಮಾರ್ಕೆಟ್ ಸ್ಟಾಪಿಂದ ಗಾಡಿ ತೆಗೆದೆ," ಅಂದಳು. "ಮುಂದೆ ಆಸ್ಪತ್ರೆ ಸ್ಟಾಪು. ಅಲ್ಲಿ ಬ್ರೇಕ್ ಹಾಕಿದಾಗ ಥಟ್ಟಂತ ನೆನಪಾಯ್ತು. ಆವತ್ತು ನೀರಲ್ಲಿ ಆಸ್ಪತ್ರೆ ಸ್ಟಾಪು ಬರಲೇ ಇಲ್ಲ. ಮಾರ್ಕೆಟ್ ಆದ ಮೇಲೆ ಒಂದು ಬೀದಿಗೆ ತಿರುಗಿಸಿದ್ದೆ. ಎರಡೂ ಕಡೆ ಬಿಳೀ ಮನೆಗಳು, ಎಲ್ಲಾ ಬಾಗಿಲು ತೆಗೆದಿದ್ವು. ಎಷ್ಟು ಚೆನ್ನಾಗಿತ್ತು ಗೊತ್ತಾ. ಆಮೇಲೆ ಇನ್ನೊಂದು ಬೀದಿ. ಅಮ್ಮ ಹತ್ತಿದಳು." ಅವಳ ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. "ರೀ, ಆ ಬೀದಿ ಈ ಊರಲ್ಲೇ ಇಲ್ಲ. ನಾನು ಎಲ್ಲಿಗೆ ಹೋಗ್ತಿದ್ದೆ?"

ಅವನು ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡ. ಆ ಅಗಲದ ಕೈಗಳು ನಡುಗುತ್ತಿದ್ದವು.

"ಜನ ತುಂಬಿದ ಬಸ್ಸು," ಅಂದಳು. "ಡಿಪೋಗೆ ಫೋನ್ ಮಾಡಿ ಬೇರೆ ಡ್ರೈವರ್ ಕಳಿಸಿ ಅಂದೆ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ನನಗೆ ಹೆದರಿಕೆ ಆಗ್ತಿದೆ."

"ಆಗಲಿ," ಅಂದ ಅವನು.

ಅವಳು ಕೊಳಕ್ಕೆ ಮರಳಿದ್ದು ಬಹಳ ದಿನದ ಮೇಲೆ. ಸರೋವರದ ಮಾತು ಈ ವರ್ಷ ಬೇಡ ಅಂತ ಕೋಚಮ್ಮ ಖಡಾಖಂಡಿತವಾಗಿ ಹೇಳಿದರು. ಈಗ ಹೊಸ ಪಾಠ: ತಣ್ಣೀರಲ್ಲಿ ಇಳಿ, ಕಣ್ಣು ಬಿಟ್ಟುಕೊಂಡಿರು, ಬೆರಳು ಎಲ್ಲಿದೆ, ಕಾಲು ಎಲ್ಲಿದೆ ಹೇಳು, ಹೇಳಲಾಗದಿದ್ದರೆ ಎದ್ದು ಬಾ. ಅವಳಿಗೆ ಇದು ಮಂಜುಗಡ್ಡೆಯ ತೊಟ್ಟಿಗಿಂತ ಕಷ್ಟ. ಬೈದುಕೊಳ್ಳುತ್ತಲೇ ಮಾಡುತ್ತಾಳೆ. ತಂಗಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು; ಏನು ಮಾತಾಡಿದಳೋ ಅವನು ಕೇಳಲಿಲ್ಲ.

ಅವನೂ ಕೊಳಕ್ಕೆ ಹೋಗತೊಡಗಿದ್ದಾನೆ. ಮಕ್ಕಳು ಆಡುವ ಆಳವಿಲ್ಲದ ತುದಿಯಲ್ಲಿ, ಸೊಂಟಮಟ್ಟದ ನೀರಲ್ಲಿ, ಗೋಡೆಯ ಕಂಬಿ ಹಿಡಿದು ನಿಲ್ಲುತ್ತಾನೆ. ಪ್ರತಿ ಸಲವೂ ಮೊದಲು ಕಾಲಿನಿಂದ ತಳ ಮುಟ್ಟಿ ನೋಡಿಕೊಳ್ಳುತ್ತಾನೆ. ಮೊನ್ನೆ ಅವಳು ಪಕ್ಕದಲ್ಲಿ ನಿಂತು ಅವನ ಬೆನ್ನಿನ ಕೆಳಗೆ ಅಂಗೈ ಇಟ್ಟಳು. ಅವನು ಹಿಂದಕ್ಕೆ ಒರಗಿದ, ಕಿವಿ ನೀರೊಳಗೆ ಹೋಯಿತು, ಲೋಕದ ಸದ್ದೆಲ್ಲ ಆರಿತು. ಮೇಲೆ ಅವಳ ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾಳೆ ಅಂತ ಕೇಳಿಸಲಿಲ್ಲ. ಕೈ ತೆಗೆಯುತ್ತೇನೆ ಅಂತಲೋ, ತೆಗೆಯುವುದಿಲ್ಲ ಅಂತಲೋ. ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಉಸಿರು ಬಿಡದೆ, ಅವಳ ಮುಖವನ್ನೇ ನೋಡುತ್ತ ಮಲಗಿದ್ದ.